ಮದುವೆಗೆ ಮುಂಚೆ ಬ್ಯಾಂಕಾಕಿಗೆ?



ಸ್ವಸಹಾಯ ಸಂಘಗಳ ಸಭೆಯಲ್ಲಿ ವಿದೇಶದ ಸೌಂದರ್ಯ ಚಿಕಿತ್ಸೆಯ ಮಾತೇಕೆ, ಅದು ಸಿನಿಮಾದವರ ಉಸಾಬರಿಯಲ್ಲವೇ ಎಂದು ನಿಮ್ಮಲ್ಲಿ ಕೆಲವರು ಪಿಸುಗುಟ್ಟಿದ್ದು ನನ್ನ ಕಿವಿಗೂ ಬಿತ್ತು. ಮೂವತ್ತು ವರ್ಷ ಹಿಂದಿನ ಬೆಂಚಿನ ಪಿಸುಮಾತು ಕೇಳಿಸಿಕೊಂಡ ಕಿವಿ ಇದು. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಮಹಿಳಾ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. ಯಾರೋ ಎಲ್ಲೋ ವೇದಿಕೆಯ ಮೇಲೆ ನಡೆದರೆ ನಿಮಗೇನು ನಷ್ಟ ಎಂದು ಆಗಲೂ ಕೇಳಿದವರಿದ್ದರು. ಆ ಅಳತೆಪಟ್ಟಿ ಈಗ ನಮ್ಮ ಸಾಲದ ಪುಸ್ತಕದವರೆಗೆ ಬಂದಿದೆ.

ನನಗೆ ಗೊತ್ತಿರುವ ಒಂದು ಸಂಘದಲ್ಲಿ ಸದಸ್ಯೆಯೊಬ್ಬರು 'ಮಗಳ ವಿದ್ಯಾಭ್ಯಾಸಕ್ಕೆ' ಎಂದು ಒಂದೂವರೆ ಲಕ್ಷ ಸಾಲ ಕೇಳಿದರು. ಮಗಳ ಓದು ಮುಗಿದು ಎರಡು ವರ್ಷವಾಗಿತ್ತು. ಮೆಲ್ಲಗೆ ವಿಚಾರಿಸಿದಾಗ ನಿಜ ಹೊರಬಿತ್ತು. ಹುಡುಗ ದುಬೈಯಲ್ಲಿದ್ದಾನೆ, ಮಾತುಕತೆ ಮುಗಿದಿದೆ. ಹುಡುಗನ ತಾಯಿ ಹೇಳಿದರಂತೆ: "ನಮಗೆ ವರದಕ್ಷಿಣೆ ಒಂದು ಪೈಸೆಯೂ ಬೇಡ. ಹುಡುಗಿ ಸ್ವಲ್ಪ ದಪ್ಪ, ಬಣ್ಣವೂ ಕಡಿಮೆ. ಬ್ಯಾಂಕಾಕಿನಲ್ಲಿ ಹತ್ತು ದಿನದಲ್ಲಿ ಎಲ್ಲ ಸರಿ ಮಾಡಿ ಕಳಿಸುತ್ತಾರೆ. ಆ ಖರ್ಚೊಂದು ನೀವು ನೋಡಿಕೊಳ್ಳಿ." ಹೊಟ್ಟೆಯ ಕೊಬ್ಬು ತೆಗೆಯುವುದು, ಬೆಳ್ಳಗಾಗುವ ಇಂಜೆಕ್ಷನ್, ವಿಮಾನ, ವಸತಿ ಎಲ್ಲ ಸೇರಿಸಿ ಒಂದು ಪ್ಯಾಕೇಜು. ಸಂಘದ ಸಾಲ ಸಾಲದಿದ್ದರೆ ಬಳೆ ಮಾರುವುದೆಂದು ಆ ತಾಯಿ ತೀರ್ಮಾನಿಸಿದ್ದರು.

ಹುಡುಗಿಯ ಜೊತೆ ನಾನು ಒಬ್ಬಳೇ ಕುಳಿತು ಮಾತಾಡಿದೆ. "ನನಗೆ ಆಸೆಯೇ ಇಲ್ಲ ಅಂತ ಹೇಳಲಾರೆ ಮೇಡಂ. ಹೈಸ್ಕೂಲಿನಿಂದ ಡುಮ್ಮಿ ಅಂತ ಕರೆಸಿಕೊಂಡು ಸಾಕಾಗಿದೆ" ಎಂದಳು. ಈ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ತನ್ನ ದುಡಿಮೆಯ ಹಣದಲ್ಲಿ, ತನಗಾಗಿ, ಎಲ್ಲವನ್ನೂ ತಿಳಿದುಕೊಂಡು ಒಬ್ಬ ಹೆಣ್ಣು ಇಂಥ ಚಿಕಿತ್ಸೆಗೆ ಹೋಗುತ್ತೇನೆಂದರೆ ಅಡ್ಡಿಮಾಡಲು ನಾನ್ಯಾರು? ಆದ್ದರಿಂದ ಒಂದೇ ಪ್ರಶ್ನೆ ಕೇಳಿದೆ: "ಈ ಸಂಬಂಧ ಬಾರದೇ ಇದ್ದಿದ್ದರೆ ಹೋಗುತ್ತಿದ್ದೆಯಾ?" ಅವಳು ಬಹಳ ಹೊತ್ತು ಸುಮ್ಮನಿದ್ದಳು.

ಇನ್ನು ಬ್ಯಾಂಕಾಕೇ ಏಕೆ? ಈ ಶಸ್ತ್ರಚಿಕಿತ್ಸೆ ಬೆಂಗಳೂರಿನಲ್ಲೂ ಆಗುತ್ತದೆ. ಹೊರದೇಶದವರೇ ಚಿಕಿತ್ಸೆಗೆಂದು ನಮ್ಮಲ್ಲಿಗೆ ಬರುತ್ತಾರೆ. ತಾಯಿಯನ್ನು ಕೇಳಿದರೆ, "ಇಲ್ಲಿ ಮಾಡಿಸಿದರೆ ನೆಂಟರಿಗೆಲ್ಲ ಗೊತ್ತಾಗುತ್ತೆ ಮೇಡಂ" ಎಂದರು. ಅಂದರೆ ವಿಮಾನದ ಟಿಕೆಟ್ಟು ಗುಟ್ಟಿನ ಬೆಲೆ. ಈ ಗುಟ್ಟು ನಮಗೆ ಹೊಸದಲ್ಲ. ಗಂಡ ಹೊಡೆದ ಗಾಯಕ್ಕೆ "ಬಚ್ಚಲಲ್ಲಿ ಜಾರಿಬಿದ್ದೆ" ಎನ್ನುವುದೂ ಇದೇ ಗುಟ್ಟೇ.

ಗುಟ್ಟಿನ ಅಪಾಯ ಏನೆಂದು ನೋಡಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೊಬ್ಬು ತೆಗೆಸಿಕೊಂಡ 21 ವರ್ಷದ ಕಿರುತೆರೆ ನಟಿ ತೀರಿಕೊಂಡಳು. ಹೆತ್ತವರಿಗೆ ತಿಳಿಸದೆ ಹೋಗಿದ್ದಳೆಂದು ಪತ್ರಿಕೆಗಳು ವರದಿ ಮಾಡಿದವು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2024ರಲ್ಲಿ ಒಂದು ಲೆಕ್ಕ ಪ್ರಕಟಿಸಿತು. ಕಡಿಮೆ ಖರ್ಚಿನ ಸೌಂದರ್ಯ ಶಸ್ತ್ರಚಿಕಿತ್ಸೆಗೆ ಡೊಮಿನಿಕನ್ ಗಣರಾಜ್ಯಕ್ಕೆ ಹೋದ 93 ಅಮೆರಿಕನ್ನರು 2009ರಿಂದ 2022ರೊಳಗೆ ಸತ್ತಿದ್ದಾರೆ. ವಿವರವಾಗಿ ಪರೀಕ್ಷಿಸಿದ ಸಾವುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡು: ಕೊಬ್ಬಿನ ಕಣ ರಕ್ತನಾಳಕ್ಕೆ ಸೇರಿ ಶ್ವಾಸಕೋಶಕ್ಕೆ ಹೋದದ್ದು, ಇಲ್ಲವೇ ರಕ್ತ ಹೆಪ್ಪುಗಟ್ಟಿದ್ದು. ಒಂದೇ ಸಲಕ್ಕೆ ಎರಡು ಮೂರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ ಅವರಲ್ಲಿ ಹೆಚ್ಚು. ಬ್ಯಾಂಕಾಕಿನ ಆಸ್ಪತ್ರೆಗಳೆಲ್ಲ ಕೆಟ್ಟವು ಎಂದಲ್ಲ, ಅಲ್ಲಿ ಒಳ್ಳೆಯ ಆಸ್ಪತ್ರೆಗಳಿವೆ. ಆದರೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಸುಮಾರು ಹತ್ತು ದಿನ ವಿಮಾನ ಹತ್ತಬಾರದೆಂದು ವೈದ್ಯರು ಹೇಳುತ್ತಾರೆ. ತುಂಬ ಹೊತ್ತು ಅಲುಗಾಡದೆ ಕುಳಿತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಹೋಗುವುದು, ಬರುವುದು, ಕತ್ತರಿ ಆಡಿಸುವುದು ಎಲ್ಲ ಸೇರಿ ಹತ್ತು ದಿನದ ಪ್ಯಾಕೇಜು ಎಂದರೆ ಲೆಕ್ಕ ನೀವೇ ಹಾಕಿ.

ಇಷ್ಟಾಗಿಯೂ ಕೊಬ್ಬು ತೆಗೆಯುವುದು ತೂಕ ಇಳಿಸುವ ಮದ್ದಲ್ಲ. ಊಟ ಓಡಾಟ ಹಿಂದಿನಂತೆಯೇ ಇದ್ದರೆ ಮೈ ಮತ್ತೆ ಬರುತ್ತದೆ. ಬೆಳ್ಳಗಾಗುವ ಗ್ಲುಟಾಥಿಯೋನ್ ಇಂಜೆಕ್ಷನ್ನಿನಿಂದ ಪಿತ್ತಜನಕಾಂಗ, ಮೂತ್ರಪಿಂಡ, ನರಗಳಿಗೆ ಹಾನಿಯಾಗಬಹುದೆಂದು ಫಿಲಿಪ್ಪೀನ್ಸಿನ ಔಷಧ ನಿಯಂತ್ರಣ ಇಲಾಖೆ ಜನರನ್ನು ಎಚ್ಚರಿಸಿದೆ. ಮುಲಾಮೂ ಸಾಧುವಲ್ಲ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪಾದರಸ ಬೆರೆತ ಬಿಳುಪಿನ ಕ್ರೀಮು ಹಚ್ಚಿಕೊಂಡವರಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತ್ತು.

ಎಡವಟ್ಟಾದರೆ ಯಾರನ್ನು ಹಿಡಿಯುವುದು? 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವೈದ್ಯಕೀಯ ಸೇವೆಯನ್ನು ಗ್ರಾಹಕರ ಕಾಯಿದೆಯೊಳಗೆ ತಂದಿತು. ಹಣ ಕೊಟ್ಟು ಪಡೆದ ಚಿಕಿತ್ಸೆಯಲ್ಲಿ ನಿರ್ಲಕ್ಷ್ಯವಾದರೆ ಇಲ್ಲಿನ ಜಿಲ್ಲಾ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಬಹುದು. ಬ್ಯಾಂಕಾಕಿನ ವೈದ್ಯರನ್ನು ನಮ್ಮ ತಾಲ್ಲೂಕಿನಿಂದ ಯಾರು ಕರೆತರುತ್ತಾರೆ? ಹದಿನೈದನೆಯ ದಿನ ಗಾಯ ಕೀವಾದರೆ ಯಾವ ಡಾಕ್ಟರಿಗೆ ತೋರಿಸುವುದು? ಇದನ್ನು ಪ್ಯಾಕೇಜಿನ ಏಜೆಂಟನಿಗೆ ಫೋನಿನಲ್ಲಿ ಕೇಳಿದೆ. "ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಮೇಡಂ" ಎಂದ.

ವರದಕ್ಷಿಣೆ ಬೇಡವೆಂದ ಆ ಮಾತಿಗೆ ಬರುತ್ತೇನೆ. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ಮದುವೆಯ ಸಂಬಂಧವಾಗಿ ನೇರವಾಗಿಯೋ ಬಳಸುದಾರಿಯಲ್ಲೋ, ವರನಿಗಷ್ಟೇ ಅಲ್ಲ, 'ಬೇರೆ ಯಾವುದೇ ವ್ಯಕ್ತಿಗೆ' ಕೊಡುವ ಆಸ್ತಿಯೂ ಬರುತ್ತದೆ. ಕೇಳುವುದೇ ಅಪರಾಧ, ಅದಕ್ಕೆ ಆರು ತಿಂಗಳಿಂದ ಎರಡು ವರ್ಷ ಸಜೆ. ಆಸ್ಪತ್ರೆಗೆ ಕಟ್ಟುವ ಹಣ ಇದರೊಳಗೆ ಬರುತ್ತದೋ ಇಲ್ಲವೋ ಎಂದು ವಕೀಲರು ವಾದ ಮಾಡಿಕೊಳ್ಳಲಿ. ನಾನಂತೂ ಅದನ್ನು ವರದಕ್ಷಿಣೆ ಎಂದೇ ಕರೆಯುತ್ತೇನೆ. ಹಿಂದೆ ಸ್ಕೂಟರು ಕೇಳುತ್ತಿದ್ದರು, ಈಗ ಹುಡುಗಿಯ ಮೈಯನ್ನೇ ರಿಪೇರಿ ಮಾಡಿಸಿ ಕೊಡಿ ಎನ್ನುತ್ತಾರೆ. ಮದುವೆಗೆ ಮುಂಚೆ ಹೊಟ್ಟೆ ನೋಡಿದವರು ಮೊದಲ ಹೆರಿಗೆಯಾದ ಮೇಲೆ ಏನು ನೋಡುತ್ತಾರೋ? ಮನೆಯೊಳಗಿನ ಹೀಯಾಳಿಕೆ, ಅವಮಾನ 2005ರ ಕೌಟುಂಬಿಕ ಹಿಂಸೆ ಕಾಯಿದೆಯ ಪ್ರಕಾರ ಹಿಂಸೆಯೇ. ನಮ್ಮ ತಾಲ್ಲೂಕುಗಳಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. 181ಕ್ಕೆ ಫೋನು ಮಾಡಬಹುದು.

ಒಂದು ಮಾತು ಬಿಟ್ಟುಹೋಯಿತು. ಸುಟ್ಟ ಗಾಯದಿಂದ ಕತ್ತು ಬಿಗಿದುಕೊಂಡವರ, ಆಸಿಡ್ ದಾಳಿಗೆ ತುತ್ತಾದವರ ಶಸ್ತ್ರಚಿಕಿತ್ಸೆಯನ್ನು ದಯವಿಟ್ಟು ಇದರ ಜೊತೆ ಸೇರಿಸಬೇಡಿ. ಅದು ಶೋಕಿಯಲ್ಲ, ಹಕ್ಕು. ಆಸಿಡ್ ದಾಳಿಗೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತ ಚಿಕಿತ್ಸೆ ಕೊಡಬೇಕೆಂದು 2015ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಂಥ ಸಾಲದ ಅರ್ಜಿ ಬಂದರೆ ಕಣ್ಣುಮುಚ್ಚಿ ಮಂಜೂರು ಮಾಡಿ.

ಆ ಹುಡುಗಿಯ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. 'ವಿದ್ಯಾಭ್ಯಾಸ' ಎಂಬುದನ್ನು ಹೊಡೆದು ನಿಜವಾದ ಕಾರಣ ಬರೆಯಲು ತಾಯಿ ಒಪ್ಪಿದ್ದಾರೆ. ಹುಡುಗಿ ದುಬೈಗೆ ತಾನೇ ಫೋನು ಮಾಡಿ, "ನಿಮಗೂ ಹೀಗೆಯೇ ಬೇಕೇ?" ಎಂದು ಕೇಳಿದಳಂತೆ. "ಅಮ್ಮನ ಹತ್ತಿರ ಮಾತಾಡು" ಎಂದನಂತೆ. ಮುಂದಿನ ಸಭೆಗೆ ತಾನೇ ಬರುತ್ತೇನೆಂದು ಹೇಳಿಕಳಿಸಿದ್ದಾಳೆ.