ಅಪ್ಪನ ರೈಲು, ನನ್ನ ಕಂಟ್ರೋಲರ್

"ಐಟಿಯವಳಲ್ವಾ, ಏನಾದರೂ ಟೆಕ್ನಿಕಲ್ ಮಾತಾಡು" ಅಂತ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ಆನ್‌ಲೈನ್ ಮೋಸದ ಬಗ್ಗೆ ಹೇಳುತ್ತೇನೆ ಅಂದುಕೊಂಡಿದ್ದರೆ ಕ್ಷಮಿಸಿ, ಇವತ್ತು ಆಟದ ರೈಲಿನ ವಿಷಯ.

ನಮ್ಮಪ್ಪ ಸ್ಟೇಷನ್ ಮಾಸ್ಟರ್ ಆಗಿದ್ದವರು. ಬೀದರ್ ಕಡೆಯ ಸಿಂಗಲ್ ಲೈನಿನ ಸಣ್ಣ ಸ್ಟೇಷನ್‌ಗಳಲ್ಲೇ ಸರ್ವಿಸ್ ಕಳೆದರು. ಅಮ್ಮ ಹೋದ ಮೇಲೆ ಅಮೀರ್‌ಪೇಟ್‌ನ ನಮ್ಮ ಫ್ಲಾಟಿಗೆ ಬಂದರು. ಬಾಲ್ಕನಿಯಲ್ಲಿ ಕೂತು ಮೆಟ್ರೊ ನೋಡುವುದೇ ಕೆಲಸ. ಮಾತು ಕಡಿಮೆಯಾಯಿತು, ಬಲಗೈ ನಡುಗಲು ಶುರುವಾಯಿತು. ಮಗನ ಹುಟ್ಟುಹಬ್ಬಕ್ಕೆ ಎಚ್‌ಒ ಸ್ಕೇಲಿನ ರೈಲು ತಂದೆ. ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು, ಹಳಿಗಳ ನಡುವೆ 16.5 ಮಿ.ಮೀ. ಅದನ್ನು ಟೇಬಲ್ ಮೇಲೆ ಜೋಡಿಸಿದ ದಿನ ಅಪ್ಪ ತಾವಾಗಿ ಕುರ್ಚಿ ಎಳೆದುಕೊಂಡು ಬಂದರು. ಆಮೇಲೆ ನಾನು ಸುಮ್ಮನಿರುವುದು ಹೇಗೆ?

ಸೆಟ್ ಜೊತೆ ಬಂದದ್ದು ಹಳೇ ಪದ್ಧತಿಯ ಡಿಸಿ ಕಂಟ್ರೋಲರ್. ಗುಂಡಿ ತಿರುಗಿಸಿದರೆ ಹಳಿಗೆ ಸೊನ್ನೆಯಿಂದ 12 ವೋಲ್ಟ್‌ವರೆಗೆ ಕರೆಂಟು ಹೋಗುತ್ತದೆ, ರೈಲು ಓಡುತ್ತದೆ. ಎರಡನೇ ಎಂಜಿನ್ ಇಟ್ಟೆವೋ, ಎರಡೂ ಒಟ್ಟಿಗೆ ಹೊರಡುತ್ತವೆ. ಬೇರೆ ಬೇರೆ ಓಡಿಸಬೇಕಾದರೆ ಹಳಿಯನ್ನು ತುಂಡುತುಂಡಾಗಿ ವಿಂಗಡಿಸಿ ಒಂದೊಂದಕ್ಕೂ ಸ್ವಿಚ್ ಹಾಕಬೇಕು. ಈ ತೊಂದರೆಗೆ ಪರಿಹಾರ ಡಿಸಿಸಿ, ಡಿಜಿಟಲ್ ಕಮಾಂಡ್ ಕಂಟ್ರೋಲ್. ಇದರಲ್ಲಿ ಹಳಿಯ ಮೇಲೆ ಯಾವಾಗಲೂ ಸುಮಾರು 15 ವೋಲ್ಟ್ ಇರುತ್ತದೆ, ಅದರೊಳಗೇ ಆದೇಶಗಳು ಹರಿಯುತ್ತವೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲೂ ಡಿಕೋಡರ್ ಎಂಬ ಸಣ್ಣ ಬೋರ್ಡು. ಟೀಚರ್ ಹಾಜರಿ ಕರೆದ ಹಾಗೆ, ತನ್ನ ನಂಬರ್ ಬಂದಾಗ ಮಾತ್ರ ಅದು ಓಗೊಡುತ್ತದೆ. ಕಾರ್ಖಾನೆಯಿಂದ ಬರುವಾಗ ಎಲ್ಲದರ ನಂಬರೂ ಸಾಮಾನ್ಯವಾಗಿ 3. ನಾನು ಬದಲಾಯಿಸಲು ಮರೆತು ಎರಡೂ ಎಂಜಿನ್ ಒಟ್ಟಿಗೆ ಹೊರಟಾಗ ಮಗ ನಕ್ಕದ್ದೇ ನಕ್ಕದ್ದು.

ಕೊಳ್ಳುವವರಿಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಡಿಕೋಡರ್ ಸಿಕ್ಕಿಸುವ ಸಾಕೆಟ್ ಇರುವ ಎಂಜಿನ್ನನ್ನೇ ಆರಿಸಿ. ಸಾಕೆಟ್ ಇಲ್ಲದ ಹಳೆಯದಕ್ಕೆ ನಾನೇ ವೈರ್ ಬೆಸುಗೆ ಹಾಕಿದೆ. ಮೋಟಾರಿನ ಒಂದು ಬ್ರಷ್ ಇನ್ನೂ ಲೋಹದ ಚಾಸಿಗೆ ತಾಗಿಕೊಂಡಿತ್ತು. ಕರೆಂಟ್ ಕೊಟ್ಟ ಕ್ಷಣ ಸುಟ್ಟ ವಾಸನೆ, ಡಿಕೋಡರ್ ಹೋಯಿತು. ಎಂಟೆಕ್ ಓದಿದವಳು! ಇನ್ನೊಂದು ಮಾತು. ಅಮೆರಿಕದ ಎನ್‌ಎಂಆರ್‌ಎ ಸಂಸ್ಥೆ 1990ರ ದಶಕದಲ್ಲೇ ಡಿಸಿಸಿಗೆ ಮಾನದಂಡ ಮಾಡಿದ್ದರಿಂದ ಒಂದು ಕಂಪನಿಯ ಡಿಕೋಡರ್ ಇನ್ನೊಂದರ ಕಂಟ್ರೋಲರ್ ಜೊತೆ ಕೆಲಸ ಮಾಡುತ್ತದೆ. ಆದರೆ ಕೈಯಲ್ಲಿ ಹಿಡಿಯುವ ಥ್ರಾಟಲ್‌ಗೆ ಆ ಭರವಸೆ ಇಲ್ಲ, ಒಂದು ಕಂಪನಿಯದು ಇನ್ನೊಂದಕ್ಕೆ ಸೇರದೆ ಹೋಗಬಹುದು. ಹಾಗಾಗಿ ಮೊದಲು ಥ್ರಾಟಲ್ ಹಿಡಿದು ನೋಡಿ, ಆಮೇಲೆ ಉಳಿದದ್ದು. ಹಳಿ ಹಾಕಿದ ಮೇಲೆ ಕಂಟ್ರೋಲರ್‌ನಿಂದ ಅತಿ ದೂರದ ಜಾಗದಲ್ಲಿ ಎರಡು ಹಳಿಗಳ ಮೇಲೆ ಅಡ್ಡಲಾಗಿ ಒಂದು ರೂಪಾಯಿ ನಾಣ್ಯ ಇಡಿ. ಕರೆಂಟ್ ತಕ್ಷಣ ಕಟ್ ಆಗಬೇಕು. ಆಗದಿದ್ದರೆ ವೈರಿಂಗ್ ಸರಿಯಿಲ್ಲ, ಒಂದು ದಿನ ಏನಾದರೂ ಕರಗುತ್ತದೆ.

ನಾನು ರೆಡಿಮೇಡ್ ಕೊಳ್ಳಲಿಲ್ಲ. ಡಿಸಿಸಿ-ಇಎಕ್ಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಕೋಠಿಯಿಂದ ಆರ್ಡ್ವಿನೊ ಮೆಗಾ ಬೋರ್ಡು, ಮೋಟಾರ್ ಶೀಲ್ಡ್ ತಂದು ಅದನ್ನು ಹಾಕಿದೆ. ಎರಡು ಮೂರು ಎಂಜಿನ್ನಿಗೆ ಅಷ್ಟು ಸಾಕು. ಮೈತ್ರಿವನಂ ಪಕ್ಕದ ಗಲ್ಲಿಯಲ್ಲಿ ಜಾವಾ ಕಲಿಯುತ್ತ ಹಾಸ್ಟೆಲ್ ಸಾಂಬಾರು ತಿಂದ ದಿನಗಳು ನೆನಪಾದವು. ಥ್ರಾಟಲ್ ಆಗಿ ಮೊಬೈಲ್ ಆ್ಯಪ್. ಖರ್ಚು ಕಡಿಮೆ ಅಂತ ಬೀಗಿದೆ.

ಅಪ್ಪನ ಕೈಗೆ ಫೋನ್ ಕೊಟ್ಟೆ. ಬೆರಳು ನಡುಗಿ, ನಿಧಾನ ಹೋಗುತ್ತಿದ್ದ ಎಂಜಿನ್ ಒಮ್ಮೆಲೇ ಹಾರಿ ತಿರುವಿನಲ್ಲಿ ಬಿತ್ತು. ಅಪ್ಪ ಏನೂ ಅನ್ನದೆ ಫೋನ್ ಟೇಬಲ್ ಮೇಲಿಟ್ಟು ಬಾಲ್ಕನಿಗೆ ಹೋದರು. ಎರಡು ದಿನ ಆ ಕಡೆ ಬರಲಿಲ್ಲ. ಆ ಎರಡು ದಿನ ನನಗೆ ನಿದ್ದೆ ಸರಿ ಬರಲಿಲ್ಲ. ಮತ್ತೆ ಕೋಠಿ. ವೈಫೈ ಇರುವ ಇಎಸ್‌ಪಿ32 ಬೋರ್ಡು, ಕಟಕಟ ಅಂತ ತಿರುಗುವ ಎನ್‌ಕೋಡರ್, ಅದಕ್ಕೆ ದಪ್ಪ ಗುಂಡಿ, ಪಕ್ಕದಲ್ಲೇ ಎಮರ್ಜೆನ್ಸಿ ಸ್ಟಾಪಿಗೆ ಕೆಂಪು ಬಟನ್. ಡಿಕೋಡರ್‌ನಲ್ಲಿ ಸಿವಿ 3, ಸಿವಿ 4 ಅಂತ ಎರಡು ಸೆಟ್ಟಿಂಗ್ ಇವೆ: ವೇಗ ಎಷ್ಟು ನಿಧಾನವಾಗಿ ಏರಬೇಕು, ಇಳಿಯಬೇಕು ಅನ್ನುವುದಕ್ಕೆ. ಎರಡನ್ನೂ ಹೆಚ್ಚಿಸಿದೆ. ಈಗ ಕೈ ನಡುಗಿದರೂ ರೈಲು ನಡುಗುವುದಿಲ್ಲ.

ಅಪ್ಪ ಮತ್ತೆ ಬಂದರು. ಆಮೇಲೆ ತಕರಾರು ಶುರು! ಮಗ ಒಂದು ಎಂಜಿನ್, ಅಪ್ಪ ಒಂದು ಎಂಜಿನ್ ಓಡಿಸುತ್ತ ಸಿಂಗಲ್ ಲೈನಿನಲ್ಲಿ ಎದುರುಬದುರಾಗಿ ಗುದ್ದಿಸಿದರು. ಡಿಸಿಸಿಯಲ್ಲಿ ಇದು ಸುಲಭ. ಎಲ್ಲ ಹಳಿಗೂ ಕರೆಂಟ್ ಇದೆ, ತಡೆಯುವವರಿಲ್ಲ. "ಏನವ್ವಾ ಇದು, ಡ್ರೈವರ್‌ಗೆ ಸ್ವಾತಂತ್ರ್ಯ ಕೊಟ್ಟಿ, ಸ್ಟೇಷನ್ ಮಾಸ್ಟರ್ ಎಲ್ಲಿ?" ಅಂದರು. ಸೆನ್ಸರ್ ಹಾಕಿ ಕೋಡ್ ಬರೀತೀನಿ ಅಂದೆ. ನಮ್ಮ ದಕ್ಷಿಣ ಮಧ್ಯ ರೈಲ್ವೆಯಲ್ಲೇ, ಲಿಂಗಂಪಲ್ಲಿ–ವಾಡಿ, ವಿಕಾರಾಬಾದ್–ಬೀದರ್ ಮಾರ್ಗಗಳಲ್ಲಿ ಡಿಕ್ಕಿ ತಡೆಯುವ 'ಕವಚ'ದ ಪರೀಕ್ಷೆ ನಡೆಯಿತು, ಪ್ರಯಾಣಿಕರ ರೈಲಿನ ಮೇಲೆ ಶುರುವಾದದ್ದು 2016ರ ಫೆಬ್ರವರಿಯಲ್ಲಿ ಅಂತೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು. ಆಮೇಲೆ ಮೊಮ್ಮಗನ ಟೇಬಲ್ ಟೆನಿಸ್ ಚೆಂಡು ಎತ್ತಿಕೊಂಡು, "ಇದು ಟೋಕನ್. ಇದು ಕೈಯಾಗ ಇದ್ರ ಮಾತ್ರ ಗಾಡಿ ಬಿಡಬೇಕು" ಅಂದರು. ಅವರ ಕಾಲದಲ್ಲಿ ನೀಲ್ಸ್ ಯಂತ್ರದಿಂದ ತೆಗೆದ ಲೋಹದ ಚೆಂಡು ಡ್ರೈವರ್ ಕೈಗೆ ಸೇರದೆ ಸಿಂಗಲ್ ಲೈನಿಗೆ ಗಾಡಿ ಬಿಡುವಂತಿರಲಿಲ್ಲವಂತೆ.

ಅಂದಿನಿಂದ ನಮ್ಮ ಮನೆಯಲ್ಲಿ ಡಿಕ್ಕಿ ಇಲ್ಲ. ನನ್ನ ಸೆನ್ಸರ್ ಕೋಡ್ ಅರ್ಧಕ್ಕೇ ನಿಂತಿದೆ. "ಮುತ್ಯಾ, ಚೆಂಡು ಕೊಡು" ಅಂತ ಮಗ, "ಲೈನ್ ಕ್ಲಿಯರ್ ಬರ್ಲಿ ತಡಿ" ಅಂತ ಅಪ್ಪ, ರಾತ್ರಿ ಒಂಬತ್ತಾದರೂ ಊಟಕ್ಕೆ ಬರುವುದಿಲ್ಲ.

ಹಿಂದಿನ ಟೇಬಲ್ ಮೇಲೆ ಒಂದು ಸುತ್ತು ಹಳಿ ಹಾಕಿಟ್ಟಿದ್ದೇನೆ. ಓಡಿಸಿ ನೋಡಿ. ಯಜಮಾನರನ್ನು ಕೇಳಬೇಕಾಗಿಲ್ಲ. ಚೆಂಡು ಮಾತ್ರ ಅಲ್ಲಿ ಕೂತಿರುವ ನಮ್ಮಪ್ಪನ ಹತ್ತಿರ ಇದೆ, ಅವರನ್ನೇ ಕೇಳಿ ತೆಗೆದುಕೊಳ್ಳಿ.