ಮೇಲೆ ಸೋರುವ ಆಯಿಲು, ಕೆಳಗೆ ಕೆಡುವ ಆಲ್ಟರ್ನೇಟರು
(ಸಂಘದ ರಜತ ಮಹೋತ್ಸವ ಸಭೆಯಲ್ಲಿ ಸದಸ್ಯರೊಬ್ಬರು ಆಡಿದ ಮಾತುಗಳ ಬರಹ ರೂಪ)



ಭಾಷಣ ಮಾಡುವುದು ನನ್ನ ಕಸುಬಲ್ಲ. ರಾಯಚೂರಿನಲ್ಲಿ ಗಾಡಿಗಳ ಕೆಳಗೆ ಮಲಗಿ ದುಡಿದವನು ನಾನು. ಸಂಘದ ಇಪ್ಪತ್ತೈದು ವರ್ಷದ ಕಥೆ ಹೇಳಲು ನನಗಿಂತ ಬಲ್ಲವರು ಇಲ್ಲಿ ಕುಳಿತಿದ್ದಾರೆ. "ನಿನಗ ಗೊತ್ತಿದ್ದದ್ದನ್ನ ಹೇಳಪಾ, ನಾಕು ಮಂದಿಗೆ ಉಪಯೋಗ ಆಗ್ಲಿ" ಎಂದು ಅಧ್ಯಕ್ಷರು ಅಂದಿದ್ದಕ್ಕೆ ಧೈರ್ಯ ಮಾಡಿ ನಿಂತಿದ್ದೇನೆ.

ಈಗ ನಮ್ಮ ಓಣಿ ಓಣಿಯಲ್ಲಿ ಗಾಡಿಗಳಿವೆ. ಮಾನ್ವಿ ಕಡೆ ಭತ್ತದವರು, ದೇವದುರ್ಗ ಕಡೆ ಹತ್ತಿಯವರು, ಕೈಯಲ್ಲಿ ನಾಲ್ಕು ಕಾಸು ಆದಾಗ ಸೆಕೆಂಡ್ ಹ್ಯಾಂಡ್ ಕಾರೋ ಜೀಪೋ ತಂದಿದ್ದಾರೆ. ಅವರೆಲ್ಲರ ಬಾಯಲ್ಲಿ ಒಂದೇ ದೂರು: "ಬ್ಯಾಟ್ರಿ ನಿಲ್ಲವಲ್ದು." ಈ ವಿಷಯದಲ್ಲಿ ನಾನೇ ಮಾಡಿದ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

ದೇವದುರ್ಗ ಕಡೆಯ ರೈತರೊಬ್ಬರ ಹಳೆಯ ಡೀಸೆಲ್ ಗಾಡಿ ನನ್ನ ಹತ್ತಿರ ಬಂತು. ಚಾರ್ಜ್ ಆಗುತ್ತಿರಲಿಲ್ಲ. ಆಲ್ಟರ್ನೇಟರು ಹೋಗಿದೆ ಎಂದು ಹೊಸದು ಹಾಕಿದೆ. ಮೂರು ತಿಂಗಳಿಗೆ ಅದೂ ಹೋಯಿತು. "ಮಾಲೇ ಖರಾಬ್ ಇತ್ತು" ಎಂದು ಹೇಳಿ ಇನ್ನೊಂದು ಹಾಕಿದೆ. ಕೆಲವು ವಾರಗಳ ಮೇಲೆ ಒಂದು ರಾತ್ರಿ ಅವರು ಸೊಸೆಯನ್ನು ಹೆರಿಗೆಗೆ ರಾಯಚೂರಿಗೆ ಕರೆದುಕೊಂಡು ಹೊರಟಿದ್ದಾರೆ. ಗಬ್ಬೂರು ದಾಟಿದ ಮೇಲೆ ಹೆಡ್‌ಲೈಟು ಹಳದಿಯಾಗಿ, ಕೆಂಪಾಗಿ, ಆರಿಯೇ ಹೋಯಿತು. ಹಳೆಯ ಡೀಸೆಲ್ ಎಂಜಿನ್ನು ಕರೆಂಟಿಲ್ಲದೆಯೂ ಓಡುತ್ತದೆ, ಆದರೆ ಕತ್ತಲಲ್ಲಿ ಓಡಿಸುವುದು ಹೇಗೆ? ಪುಣ್ಯಕ್ಕೆ ಒಂದು ಲಾರಿ ಬಂತು. ಆ ಡ್ರೈವರು ಮೆಲ್ಲಗೆ ಮುಂದೆ ನಡೆದ. ಇವರು ಅವನ ಹಿಂದಿನ ಕೆಂಪು ದೀಪ ನೋಡಿಕೊಂಡು ಊರು ಸೇರಿದರು. ತಾಯಿ, ಮಗು ಇಬ್ಬರೂ ಕ್ಷೇಮ.

ಮರುದಿನ ಅವರು ಬಂದು ಬೈಯಲಿಲ್ಲ. "ಮಿಸ್ತ್ರಿ, ಎರಡು ಸಲ ರೊಕ್ಕ ಕೊಟ್ಟೀನಿ. ಗಾಡಿಗೆ ಏನಾಗೇದ ಅಂತ ಈ ಸಲ ನೋಡಿಬಿಡು" ಅಂದರು ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತು.

ಅವತ್ತು ಬಾನೆಟ್ ಎತ್ತಿ ಮೇಲಿನಿಂದ ನೋಡಿದೆ. ಪವರ್ ಸ್ಟೀರಿಂಗ್ ಪಂಪಿಗೆ ಹೋಗುವ ಪೈಪಿನ ಕ್ಲಾಂಪು ಸಡಿಲಾಗಿ, ಆಯಿಲು ಹನಿಹನಿಯಾಗಿ ಕೆಳಗಿದ್ದ ಆಲ್ಟರ್ನೇಟರಿನ ಮೇಲೆ ಬೀಳುತ್ತಿತ್ತು. ಮೊದಲ ಸಲ ಬಿಚ್ಚಿದಾಗಲೇ ಅದು ಜಿಡ್ಡಾಗಿತ್ತು. ನೋಡಿಯೂ ಬಟ್ಟೆಯಿಂದ ಒರೆಸಿ ಸುಮ್ಮನಾಗಿದ್ದೆ. ಕೆಟ್ಟದ್ದನ್ನು ಬದಲಿಸಿದ್ದೆ, ಕೆಡಿಸಿದ್ದನ್ನು ಹುಡುಕಿರಲಿಲ್ಲ. ಎರಡನೇ ಆಲ್ಟರ್ನೇಟರಿನ ಹಣ ವಾಪಸು ಕೊಟ್ಟೆ.

ಆಯಿಲಿನಿಂದ ಆಲ್ಟರ್ನೇಟರು ಯಾಕೆ ಕೆಡುತ್ತದೆ? ಅದರೊಳಗೆ ತಿರುಗುವ ತಾಮ್ರದ ಉಂಗುರಗಳ ಮೇಲೆ ಎರಡು ಕಾರ್ಬನ್ ಬ್ರಷ್ಷುಗಳು ಒತ್ತಿಕೊಂಡಿರುತ್ತವೆ. ಆಯಿಲು, ಕಾರ್ಬನ್ ಪುಡಿ, ನಮ್ಮ ಎರೆಮಣ್ಣಿನ ಧೂಳು ಮೂರೂ ಸೇರಿ ಕಾಡಿಗೆಯಂತಾಗುತ್ತದೆ. ಬ್ರಷ್ಷು ಸಿಕ್ಕಿಕೊಂಡು ಉಂಗುರಕ್ಕೆ ಮುಟ್ಟುವುದಿಲ್ಲ, ಕರೆಂಟು ಹುಟ್ಟುವುದಿಲ್ಲ. ಗಾಳಿಯಾಡುವ ಕಿಂಡಿಗಳು ಮುಚ್ಚಿ ಒಳಗೆ ಕಾವು ಏರುತ್ತದೆ. ಅದರ ಮೇಲೆ ನಮ್ಮ ರಾಯಚೂರಿನ ಬಿಸಿಲು ಬೇರೆ. ಬೆಲ್ಟಿಗೆ ಆಯಿಲು ತಾಗಿದರೆ ಅದೂ ಜಾರುತ್ತದೆ.

ನೀವೇ ನೋಡಿಕೊಳ್ಳುವ ಗುರುತುಗಳನ್ನು ಹೇಳುತ್ತೇನೆ.

ಒಂದು. ಕೀಲಿ ತಿರುಗಿಸಿದಾಗ ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಬೇಕು, ಎಂಜಿನ್ ಚಾಲೂ ಆದ ಮೇಲೆ ಆರಬೇಕು. ಆರದಿದ್ದರೆ ಚಾರ್ಜ್ ಇಲ್ಲ. ಹಳೆಯ ಗಾಡಿಗಳಲ್ಲಿ ಮೊದಲೇ ಹತ್ತದಿದ್ದರೂ ಅನುಮಾನಪಡಿರಿ. ಬಲ್ಬು ಹೋಗಿರಬಹುದು, ಇಲ್ಲವೇ ಬ್ರಷ್ಷು ಮುಟ್ಟುತ್ತಿಲ್ಲ.

ಎರಡು. ಮೀಟರು ಹಿಡಿಸಿರಿ. ನಿಂತ ಗಾಡಿಯಲ್ಲಿ ಒಳ್ಳೆಯ ಬ್ಯಾಟರಿ ಸುಮಾರು ೧೨.೬ ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೫ ಇರಬೇಕು. ೧೨ರ ಹತ್ತಿರವೇ ನಿಂತು ಇಳಿಯುತ್ತಿದ್ದರೆ ಬ್ಯಾಟರಿಯನ್ನು ದೂರಬೇಡಿರಿ.

ಮೂರು. ಸ್ಟೀರಿಂಗ್ ಆಯಿಲಿನ ಡಬ್ಬಿಯ ಗೆರೆ ನೋಡಿರಿ. ಪದೇ ಪದೇ ತುಂಬಬೇಕಾದರೆ, ತಿರುಗಿಸುವಾಗ ಸ್ಟೀರಿಂಗ್ ಗೊರಗುಟ್ಟಿದರೆ, ಎಲ್ಲೋ ಸೋರುತ್ತಿದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಚೆನ್ನಾಗಿ ಒರೆಸಿ, ರಾತ್ರಿ ಕೆಳಗೆ ರಟ್ಟು ಹಾಸಿರಿ. ಬೆಳಿಗ್ಗೆ ಹನಿ ಬಿದ್ದ ಜಾಗದಿಂದ ಮೇಲಕ್ಕೆ ನೋಡುತ್ತಾ ಹೋಗಿರಿ. ಎಲ್ಲಕ್ಕಿಂತ ಮೇಲೆ ಎಲ್ಲಿ ಒದ್ದೆ ಇದೆಯೋ ಅಲ್ಲೇ ಮೂಲ. ಎಂಜಿನ್ ಓಡುವಾಗ ಮಾತ್ರ ಪೈಪಿಗೆ ಕೈ ಹಾಕಬೇಡಿರಿ. ಒಳಗೆ ಒತ್ತಡ ಬಹಳ, ಆಯಿಲೂ ಸುಡುತ್ತಿರುತ್ತದೆ.

ಎಲ್ಲಾ ಜಿಡ್ಡೂ ಸ್ಟೀರಿಂಗ್ ಆಯಿಲೇ ಅಲ್ಲ. ಹಲವು ಡೀಸೆಲ್ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಬ್ರೇಕಿನ ವ್ಯಾಕ್ಯೂಮ್ ಪಂಪು ಇರುತ್ತದೆ. ಅದರ ಸೀಲು ಹೋದರೆ ಎಂಜಿನ್ ಆಯಿಲು ಒಳಗೆ ಬರುತ್ತದೆ. ಇಂಥ ಗಾಡಿಯಲ್ಲಿ ಬೆಲ್ಟು ಹರಿದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಕಿರುಗುಟ್ಟುವ ಬೆಲ್ಟನ್ನು ನಿರ್ಲಕ್ಷಿಸಬೇಡಿರಿ. ಇನ್ನು, ಈಚಿನ ಅನೇಕ ಕಾರುಗಳ ಸ್ಟೀರಿಂಗು ಕರೆಂಟಿನ ಮೋಟಾರಿನದು. ಅವಕ್ಕೆ ಈ ಆಯಿಲೇ ಇಲ್ಲ.

ಒಂದು ಕೆಟ್ಟ ರೂಢಿ ಬಿಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ವೈರು ಕಿತ್ತು "ಚಾರ್ಜ್ ಅದನೋ ಇಲ್ಲೋ" ಎಂದು ಪರೀಕ್ಷಿಸುವವರಿದ್ದಾರೆ. ಆಗ ವೋಲ್ಟೇಜು ಒಮ್ಮೆಲೇ ಜಿಗಿದು, ಚೆನ್ನಾಗಿರುವ ಡಯೋಡೂ ಸುಟ್ಟುಹೋಗಬಹುದು. ಆಯಿಲು ಕುಡಿದ ಬೆಲ್ಟಿಗೆ ಸೋಪು, ಪೌಡರು ಹಚ್ಚುವುದೂ ಬೇಡ, ಬದಲಿಸಿರಿ.

ದುರಸ್ತಿಯ ಕ್ರಮ ಇಷ್ಟೇ: ಮೊದಲು ಸೋರಿಕೆ ನಿಲ್ಲಿಸಬೇಕು, ಆಮೇಲೆ ಬೆಲ್ಟು, ಕೊನೆಗೆ ಆಲ್ಟರ್ನೇಟರು. ಅದನ್ನೂ ಎಸೆಯುವ ಮೊದಲು ಬಿಚ್ಚಿಸಿ ನೋಡಿರಿ. ತೊಳೆದು ಬ್ರಷ್ಷು ಬದಲಿಸಿದರೆ ಎಷ್ಟೋ ಸಲ ನಡೆಯುತ್ತದೆ. "ಹೊಸದು ಹಾಕಬೇಕ್ರಿ" ಎಂದು ಮಿಸ್ತ್ರಿ ಅಂದರೆ ಒಂದೇ ಮಾತು ಕೇಳಿರಿ: "ಇದು ಯಾಕ ಕೆಟ್ಟಿತು?" ನನ್ನಂಥವನಿಗೂ ಬಿಡದೆ ಕೇಳಿರಿ.

ಬಿತ್ತನೆಗೆ ಇಟ್ಟ ರೊಕ್ಕ ಗ್ಯಾರೇಜಿಗೆ ಎರಡೆರಡು ಸಲ ಹೋಗಬಾರದು. ಹೆರಿಗೆಗೆ ಹೊರಟ ಹೆಣ್ಣುಮಗಳು ಕತ್ತಲಲ್ಲಿ ನಿಲ್ಲಬಾರದು. ಆ ರಾತ್ರಿ ದಾರಿ ತೋರಿದ ಲಾರಿ ಡ್ರೈವರು ಯಾರೋ ಇಂದಿಗೂ ಗೊತ್ತಿಲ್ಲ. ಅವನಿಗೆ ಈ ಸಭೆಯಿಂದ ಒಂದು ಶರಣು. ನಮ್ಮ ಸಂಘ ಬೆಳೆಯಲಿ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ.