ಗರಡಿಯ ಮಣ್ಣು, ನಾಡಿನ ಮೈ
(ಶಿವಮೊಗ್ಗೆಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮುಷ್ಟಿಯುದ್ಧವು ಪಶ್ಚಿಮದಿಂದ ಬಂದ ವಿದ್ಯೆಯೆಂದು ಬಗೆಯುವವರುಂಟು. ಅವರು ಮೈಸೂರಿನ ದಸರೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೋಡಲಿ. ಎದುರಾಳಿಯ ತಲೆಯಲ್ಲಿ ರಕ್ತದ ಮೊದಲ ಹನಿ ಕಂಡೊಡನೆ ಕಾಳಗವು ನಿಲ್ಲುವುದು. ಕ್ರೌರ್ಯಕ್ಕೆ ಎಲ್ಲೆ ಕಟ್ಟಿದ ವಿದ್ಯೆಯಿದು.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟನು. ಭಾರವೆತ್ತುವುದು, ನಡೆಯುವುದು, ಈಜುವುದು, ಕಂಬದ ಸಾಧನೆ, ಎಲ್ಲವೂ ಅಲ್ಲಿವೆ. ಮುಂದೆ ಆ ಕಲ್ಯಾಣವು ನಿಜಾಮನ ಸೀಮೆಗೂ, ಬೆಳಗಾವಿಯ ಗರಡಿಗಳು ಮುಂಬಯಿ ಪ್ರಾಂತಕ್ಕೂ, ಜಟ್ಟಿಗಳು ಮೈಸೂರು ಸಂಸ್ಥಾನಕ್ಕೂ ಹಂಚಿಹೋದರೂ ಮಟ್ಟಿಯ ವಿದ್ಯೆಯು ಹರಿದುಹೋಗಲಿಲ್ಲ. 1956ರ ನವೆಂಬರ್ 1ರಂದು ಕೂಡಿದುದು ನಕ್ಷೆ. ಕನ್ನಡಿಗರ ಮೈ ಅದಕ್ಕೂ ಮೊದಲೇ ಒಂದಾಗಿದ್ದಿತು.

ನಮ್ಮ ಶಿವಮೊಗ್ಗೆಯ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ಇಂದಿಗೂ ಕುಸ್ತಿ ನಡೆಯುತ್ತಿದೆ. ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿತು. ಅದಿರನ್ನು ಕಬ್ಬಿಣವಾಗಿಸಿದುದು ಬೆಂಕಿ. ಎಳೆಯ ಮೈಯನ್ನು ಗಟ್ಟಿಗೊಳಿಸುವುದು ಸಾಮು. ಗರಡಿಯ ತಗ್ಗುಬಾಗಿಲಲ್ಲಿ ಸಿರಿವಂತನೂ ತಲೆಬಾಗಬೇಕು. ಕೆಮ್ಮಣ್ಣು ಬಳಿದ ಮೈಯಲ್ಲಿ ಜಾತಿಯ ಗುರುತು ಕಾಣದು.

ಆದರೆ ಜಾತ್ರೆಯ ಚಪ್ಪಾಳೆಯೊಂದರಿಂದಲೇ ಗರಡಿ ಬದುಕದು. ಉಪಾಧ್ಯಾಯರಲ್ಲಿ ನಾವು ಬೇಡುವುದಿಷ್ಟೆ: ಪಾಠಶಾಲೆಯ ಹುಡುಗರನ್ನೂ ಹುಡುಗಿಯರನ್ನೂ ವಾರಕ್ಕೊಂದು ಮುಂಜಾನೆ ಮಟ್ಟಿಗಿಳಿಸಿರಿ. ತೋಳು ಕಲಿಯದ ನಾಡು ಬಹುಕಾಲ ತಲೆಯೆತ್ತಿ ನಿಲ್ಲಲಾರದು.